ಚೀಟಿ ಬಂತು, ಉತ್ತರ ಬರಲಿಲ್ಲ

ಸಹೋದರಿಯರೇ, ಮಕ್ಕಳ ಶಾಲಾ ಚೀಲದಲ್ಲಿ ಬರುವ ಆರೋಗ್ಯ ಇಲಾಖೆಯ ಚೀಟಿಯನ್ನು ನೀವು ಪೂರ್ತಿ ಓದುತ್ತೀರಾ? ಓದಿ ಅರ್ಥವಾಗದಿದ್ದರೆ ಯಾರಲ್ಲಿ ಕೇಳುತ್ತೀರಿ?

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾಯಿತು. 9 ತಿಂಗಳು ತುಂಬಿದ, 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಚುಚ್ಚುಮದ್ದು. ಅದರ ಚೀಟಿಯನ್ನು ತರಗತಿಯಲ್ಲಿ ಹಂಚಿದವಳು ನಾನೇ. ಹಂಚಿದೆ, ನನ್ನ ಕೆಲಸ ಮುಗಿಯಿತೆಂದುಕೊಂಡೆ.

ಲಸಿಕೆಯ ದಿನ ಕುಕ್ಕುಂದೂರಿನ ನಮ್ಮ ನೆರೆಮನೆಯ ಹುಡುಗಿ ಶಾಲೆಗೇ ಬರಲಿಲ್ಲ. ಸಂಜೆ ಹೋಗಿ ವಿಚಾರಿಸಿದೆ. "ಸಣ್ಣದಿರುವಾಗಲೇ ಎಲ್ಲಾ ಹಾಕಿಸಿದ್ದೇವಲ್ಲ ಟೀಚರ್, ಪುನಃ ಯಾಕೆ? ಮುಂದೆ ಮಕ್ಕಳಾಗದ ಹಾಗೆ ಮಾಡುವ ಇಂಜೆಕ್ಷನಂತೆ. ಇವರು ದುಬೈಯಿಂದ ಫೋನ್ ಮಾಡಿ ಬೇಡ ಅಂದ್ರು" ಎಂದಳು ತಾಯಿ.

ಅವಳನ್ನು ಅಜ್ಞಾನಿ ಎನ್ನುವುದು ಸುಲಭ. ಆದರೆ 'ಪುನಃ ಯಾಕೆ' ಎಂಬ ಪ್ರಶ್ನೆಯಲ್ಲಿ ತಪ್ಪೇನಿದೆ? ಉತ್ತರವೂ ಕಷ್ಟದ್ದಲ್ಲ. ಮೊದಲು ಸರಕಾರದ ಲಸಿಕೆ ಪಟ್ಟಿಯಲ್ಲಿ ದಡಾರದ್ದು ಮಾತ್ರ ಇತ್ತು, ರುಬೆಲ್ಲಾ ಹೊಸತಾಗಿ ಸೇರಿತು. ರುಬೆಲ್ಲಾ ಮಕ್ಕಳಿಗೆ ಹಗುರವಾದ ಜ್ವರ, ಗುಳ್ಳೆ ಅಷ್ಟೇ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಗರ್ಭಪಾತವಾಗಬಹುದು, ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯ ಕೆಡಬಹುದು. ಸಂತಾನ ತಡೆಯುತ್ತದೆಂದು ಹೆದರಿಸಿದ ಚುಚ್ಚುಮದ್ದು ಇರುವುದೇ ಹುಟ್ಟುವ ಮಗುವಿನ ರಕ್ಷಣೆಗೆ! ಇದನ್ನು ಬ್ಯಾರಿಯಲ್ಲಿ ವಿವರಿಸಿದಾಗ ಆಕೆ ಮತ್ತೆರಡು ಪ್ರಶ್ನೆ ಕೇಳಿದಳು. ಉರ್ದು ಮಾತನಾಡುವ ಮತ್ತೊಂದು ಮನೆಯ ಅಜ್ಜಿಗೆ ದಡಾರ ಎಂದರೆ ತಿಳಿಯಲಿಲ್ಲ, ಖಸ್ರಾ ಎಂದೊಡನೆ ತಿಳಿಯಿತು.

ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಘೋಷಿಸಿದರೆ ಊರಿಗೆಲ್ಲ ತಿಳಿಯಿತೆಂಬ ಭಾವನೆ ನಮ್ಮ ಹಿರಿಯರದ್ದು. ಆ ಹೊತ್ತಿಗೆ ತಾಯಂದಿರು ಅಡುಗೆಮನೆಯಲ್ಲಿರುತ್ತಾರೆ. (ಗಂಡಸರು ಮನೆಗೆ ಬಂದು ಹೇಳುವುದು ಊಟ ತಡವಾದ ವಿಚಾರ ಮಾತ್ರ!)

ಉತ್ತರ ಪ್ರದೇಶದಲ್ಲಿ ಪೋಲಿಯೊ ಹನಿಯ ಬಗ್ಗೆಯೂ ಇದೇ ಗುಲ್ಲೆದ್ದಿತ್ತು. ಅಲ್ಲಿ ಇಮಾಮರು ಮಾತನಾಡಿದರು, ಅದೇ ಕೇರಿಯ ಹೆಂಗಸರು ಮನೆ ಮನೆಗೆ ಹೋಗಿ ತಾಯಂದಿರ ಜತೆ ಕುಳಿತರು. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

ಈಗ ಈ ಲಸಿಕೆ 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ. ಸಂಶಯವಿದ್ದರೆ ಆಶಾ ಕಾರ್ಯಕರ್ತೆಯನ್ನು ಬಾಗಿಲಿಂದಲೇ ಕಳುಹಿಸಬೇಡಿ, ಒಳಗೆ ಕರೆದು ಕೇಳಿ.

ನೆರೆಮನೆಯಾಕೆ ಅಂದು ರಾತ್ರಿ ದುಬೈಗೆ ಫೋನ್ ಹಚ್ಚಿ ನನ್ನ ಕೈಗೇ ಕೊಟ್ಟಳು. ಆತ ಮೊದಲು ಕೇಳಿದ್ದೂ ಅದನ್ನೇ: "ಪುನಃ ಯಾಕೆ ಟೀಚರ್?"