ಹೂವಿನ ಕವಿತೆ, ನಾಯಿಯ ಕಲ್ಲು

ಮಕ್ಕಳೇ, ನಮ್ಮ ಮಲ್ಲತ್ತಹಳ್ಳಿಯ ಕಲಾಗ್ರಾಮವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆ 2013ರಲ್ಲಿ ನಡೆದದ್ದು ಅಲ್ಲೇ. ಹೀಗೆ ಒಬ್ಬ ಕವಿಯ ನೆನಪು ಒಂದು ಊರಿಗೆ ಅಂಟಿಕೊಳ್ಳುತ್ತದೆ. ಜಪಾನಿನ ತಕಾವೊಕ ಎಂಬ ಊರಿನವರಂತೂ ಹಳೆಯ ಕವಿತೆಗೂ ಊರಿನ ಚರಿತ್ರೆಗೂ ಸೇರಿಸಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದ್ದಾರೆ.

ಓತೊಮೊ ನೊ ಯಕಮೊಚಿ ಎಂಬ ಕವಿ 746ರಲ್ಲಿ ಆ ಸೀಮೆಗೆ ಅಧಿಕಾರಿಯಾಗಿ ಬಂದ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಟ್ರಾನ್ಸ್‌ಫರ್! ಅಲ್ಲಿದ್ದ ಐದು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಕವಿತೆ ಬರೆದ. ಅವು ‘ಮನ್ಯೋಶು’ ಎಂಬ ಸಂಗ್ರಹದಲ್ಲಿ ಸೇರಿವೆ. 20 ಸಂಪುಟ, ಸುಮಾರು 4500 ಕವಿತೆ. ಅರಸರದ್ದೂ ಉಂಟು, ಗಡಿ ಕಾಯುವ ಸಿಪಾಯಿಗಳದ್ದೂ ಉಂಟು. ಅಷ್ಟರಲ್ಲಿ ಒಂದೇ ಒಂದು ಕವಿತೆಯಲ್ಲಿ ‘ಕತಕಗೊ’ ಎಂಬ ಪುಟ್ಟ ಹೂವಿನ ಹೆಸರು ಬರುತ್ತದೆ. ಬರೆದವನು ಯಕಮೊಚಿ. ಇಂದು ಆ ಹೂವು ತಕಾವೊಕ ನಗರದ ಹೂವು!

ನಮ್ಮಲ್ಲಿ ಇಂಥದ್ದಿಲ್ಲವೇ ಅಂದಿರಾ? ಇದೆ. ಆದರೆ ನಮ್ಮವರು ಕಲ್ಲಿನ ಮೇಲೆ ಬರೆದರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಒಂದು ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು 950. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಯುದ್ಧದಲ್ಲಿ ಮಡಿದ ಚೋಳ ರಾಜಾದಿತ್ಯ, ಎಲ್ಲರೂ ಅದರಲ್ಲಿದ್ದಾರೆ. ಕಥಾನಾಯಕ ಮಾತ್ರ ಇವರಾರೂ ಅಲ್ಲ, ಒಂದು ನಾಯಿ!

ಮಣಲೆರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿದ ಒಡೆಯ “ಏನು ಬೇಕು, ಕೇಳು” ಎಂದನಂತೆ. ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿತ್ತು; ಎರಡೂ ಸತ್ತವು. ಮಣಲೆರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂದೂ ಕೆತ್ತಿಸಿದ. ನಾಯಿ ಹಂದಿಗಳ ಕಾಳಗವೂ ಕಲ್ಲಿನ ಮೇಲಿದೆ.

ಲೆಡ್ಜರ್ ಬರೆದವನ ಕಣ್ಣಿಗೆ ಇದೊಂದು ಪಕ್ಕಾ ಲೆಕ್ಕ: ವರ್ಷ ಇದೆ, ಹೆಸರಿದೆ, ಕೊಟ್ಟದ್ದೆಷ್ಟು ಎಂದಿದೆ, ತಪ್ಪಿದರೇನು ಎಂದೂ ಇದೆ. ಬರೆದಿಟ್ಟದ್ದರಿಂದ ಕಾಳಿ ಸಾವಿರ ವರ್ಷ ಉಳಿಯಿತು. ನಮ್ಮ ಬಡಾವಣೆಗಳ ಕೆಳಗೆ ಹೊಲ, ತೋಟ, ಗುಂಡುತೋಪುಗಳಿದ್ದವು. ಅವನ್ನು ಕಂಡವರಲ್ಲಿ ಎಷ್ಟೋ ಜನ ಈಗ ಅಜ್ಜ ಅಜ್ಜಿಯರು. ಅವರ ನಂತರ ಹೇಳುವವರು ಯಾರು?

ಆದ್ದರಿಂದ ಈ ವಾರ ಎರಡು ಕೆಲಸ. ಜ್ಞಾನಭಾರತಿಯಿಂದ ಕಬ್ಬನ್ ಪಾರ್ಕ್‌ಗೆ ಒಂದೇ ಮೆಟ್ರೊ. ವಸ್ತುಸಂಗ್ರಹಾಲಯ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ, ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ ಕಾಳಿಯನ್ನು ನೋಡಿ ಬನ್ನಿ. ಬಂದಮೇಲೆ “ನಮ್ಮ ಮನೆ ಇರುವ ಜಾಗದಲ್ಲಿ ಮೊದಲು ಏನಿತ್ತು?” ಎಂದು ಅವರನ್ನೇ ಕೇಳಿ. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಾರೀಖು ಹಾಕಲು ಮರೆಯಬೇಡಿ!