ಭಾವನ ಮೊಸರು

ವಿಜಯವಾಡದಿಂದ ರಾತ್ರಿ ರೈಲಿಗೆ ಬಂದ ಭಾವ, ವಿಶಾಖಪಟ್ಟಣದ ನಮ್ಮ ಮನೆಯ ಮೊಸರು ಬಾಯಿಗಿಟ್ಟು ಮುಖ ಕಿವುಚಿದರು. ಇಪ್ಪತ್ತು ವರ್ಷ ಗೋಂಗುರ ತಿಂದ ನಾಲಿಗೆ! "ಈ ಹುಳಿ ತೆಗೆಯೋದೇ ಅಲ್ವೇನಯ್ಯಾ ನಿನ್ನ ಕೆಲಸ? ಇಷ್ಟು ವರ್ಷ ಬೇಕಾ?"

ಬೇಕು ಭಾವ. ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ತಾನು ಮಾಡಿದ ಹುಳಿಗೇ ಸೋತು ನಿಲ್ಲುತ್ತದೆ. ಅದಕ್ಕೇ ಸುಣ್ಣ ಹಾಕಿ ಪಿಎಚ್ 6ರ ಸುತ್ತ ಇಡುತ್ತೇವೆ, ಆಮ್ಲ ಲವಣವಾಗುತ್ತದೆ. ಹಳೆಯ ಪದ್ಧತಿಯಲ್ಲಿ ಗಂಧಕಾಮ್ಲ ಸುರಿದು ಬಿಡಿಸಿಕೊಂಡರೆ, ಟನ್ ಆಮ್ಲಕ್ಕೆ ಹೆಚ್ಚುಕಡಿಮೆ ಟನ್ ಜಿಪ್ಸಂ ಕಸ. ಆ ಗುಡ್ಡೆ ತಪ್ಪಿಸಲೆಂದೇ ದ್ರಾವಕ. ಟ್ರೈಆಕ್ಟೈಲ್‌ಅಮೀನನ್ನು ಡೆಕನಾಲ್‌ನಲ್ಲಿ ಬೆರೆಸಿ, ದ್ರವದ ಜೊತೆ ಕುಲುಕಿದರೆ ಆಮ್ಲ ನೀರು ಬಿಟ್ಟು ಮೇಲಿನ ಪದರಕ್ಕೆ ಹೋಗುತ್ತದೆ.

ಆದರೆ ಅಮೀನ್ ಹಿಡಿಯುವುದು ಅಯಾನಾಗಿ ಒಡೆಯದ ಆಮ್ಲವನ್ನು. ಪಿಎಚ್ 6ರಲ್ಲಿ ಅದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಇದನ್ನು ಮರೆತು ನಾನು ಮೊದಲ ಸಲ ಮೂರು ದಿನದ ದ್ರವ ಹಾಳು ಮಾಡಿದ್ದೆ. ಪಿಎಚ್ ಇಳಿಸಿದರೆ ಬ್ಯಾಕ್ಟೀರಿಯಾ ಮುಷ್ಕರ. ಡೆಕನಾಲ್ ನೇರವಾಗಿ ತಗುಲಿದರಂತೂ ಕಥೆ ಮುಗಿಯಿತು. ಅಮೆರಿಕದ ಕಾರ್ಗಿಲ್‌ನವರು ಈ ಗೊಡವೆಯೇ ಬೇಡವೆಂದು, ಹುಳಿಯಲ್ಲೂ ದುಡಿಯುವ ಯೀಸ್ಟ್ ಸಾಕಿದರು. ನಮ್ಮದು ಇನ್ನೂ ಬ್ಯಾಕ್ಟೀರಿಯಾ.

ಆಮೇಲೆ ಅಮೀನಿನ ಹಿಡಿತದಿಂದ ಆಮ್ಲ ಬಿಡಿಸುವುದು ಬೇರೆಯೇ ಜಗಳ, ಅನ್ನುವಷ್ಟರಲ್ಲಿ ಭಾವ ಮೊಸರಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡಿದ್ದರು.