ವೈರಾಣುವಿನ ಹಾದಿಯೂ ಮಂಗಳೂರಿನ ಹೊಣೆಯೂ

2022ನೆಯ ಇಸವಿಯ ಜುಲೈ 13ರಂದು ದುಬೈಯಿಂದ ಬಂದು ಮಂಗಳೂರಿನ ಬಜಪೆಯ ವಿಮಾನ ನಿಲ್ದಾಣದಲ್ಲಿಳಿದು ಕೇರಳದ ಕಣ್ಣೂರಿಗೆ ತೆರಳಿದ ಪ್ರಯಾಣಿಕರೊಬ್ಬರಿಗೆ ಮಂಕಿಪಾಕ್ಸ್ ತಗುಲಿರುವುದು ಕೆಲವೇ ದಿನಗಳಲ್ಲಿ ದೃಢಪಟ್ಟು, ಅದು ಭಾರತದ ಎರಡನೆಯ ಪ್ರಕರಣವೆಂದು ಪ್ರಕಟವಾದಾಗ, ಯೂರೋಪಿನಲ್ಲಿ ಹಬ್ಬುತ್ತಿದ್ದ ವ್ಯಾಧಿಯೇ ನಮ್ಮ ಕರಾವಳಿಯನ್ನೂ ಹೊಕ್ಕಿತೆಂದು ಜನ ಭಾವಿಸಿದ್ದರೆ ಅದು ಸಹಜವೇ ಸರಿ. ಆದರೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ಆ ಪ್ರಯಾಣಿಕರಿಂದಲೂ ಅವರಿಗಿಂತ ಮುನ್ನ ಸಂಯುಕ್ತ ಅರಬ್ ಎಮಿರೇಟ್ಸ್‌ನಿಂದ ಕೇರಳಕ್ಕೆ ಮರಳಿದ್ದ ಇನ್ನೊಬ್ಬರಿಂದಲೂ ಸಂಗ್ರಹಿಸಿದ ವೈರಾಣುವಿನ ಜೀನೋಮನ್ನು, ಎಂದರೆ ಸುಮಾರು 1,97,000 ಅಕ್ಷರಜೋಡಿಗಳ ಆ ಸುದೀರ್ಘ ಲಿಪಿಯನ್ನು, ಓದಿ ನೋಡಲಾಗಿ, ಕಂಡುದು ಯೂರೋಪಿನ ಬಿ.1 ಕವಲಲ್ಲ, ಎ.2 ಎಂಬ ಬೇರೊಂದು ಕವಲು. ರೋಗಿಯ ಮೈಮೇಲಿನ ಬೊಕ್ಕೆ ಯಾವ ವೈದ್ಯನಿಗೂ ಹೇಳಲಾರದ ಸಂಗತಿಯಿದು.

ಹಳಗನ್ನಡದ ತಾಳೆಗರಿಗಳನ್ನು ಶೋಧಿಸುವ ಪಂಡಿತರು ಲಿಪಿಕಾರರ ಸ್ಖಾಲಿತ್ಯಗಳನ್ನು ಹೋಲಿಸಿ ಯಾವ ಪ್ರತಿಯಿಂದ ಯಾವ ಪ್ರತಿ ಹುಟ್ಟಿತೆಂದು ನಿರ್ಣಯಿಸುವಂತೆ, ವಿಜ್ಞಾನಿಗಳು ವೈರಾಣುವಿನ ನಕಲುದೋಷಗಳನ್ನು ಹೋಲಿಸಿ ಅದರ ವಂಶಾವಳಿಯನ್ನು ಬರೆಯುತ್ತಾರೆ. ಕೊರೋನಾ ವೈರಾಣುವಿನ ಸುಮಾರು 30,000 ಅಕ್ಷರಗಳಲ್ಲಿ ತಿಂಗಳಿಗೆ ಹೆಚ್ಚುಕಡಿಮೆ ಎರಡು ಬದಲಾಗುತ್ತಿದ್ದವು. ಸೋಂಕಿನ ಜಾಡು ಹಿಡಿಯಲು ಅಷ್ಟು ಸಾಕಾಯಿತು. 2021ರ ಡಿಸೆಂಬರ್ 2ರಂದು ಭಾರತದ ಮೊದಲ ಒಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪ್ರಕಟವಾದುದೂ ಈ ವಿದ್ಯೆಯಿಂದಲೇ.

ಈ ವಿದ್ಯೆಯ ಬೆಲೆಯನ್ನು ಮಂಗಳೂರಿಗರು ಅನ್ಯರಿಗಿಂತ ಚೆನ್ನಾಗಿ ಅರಿಯಬೇಕು. 2020ರ ಮಾರ್ಚ್ ಮಾಸಾಂತ್ಯದಲ್ಲಿ ಕೊರೋನಾದ ಭೀತಿಯಿಂದ ಕರ್ನಾಟಕ-ಕೇರಳ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸುಗಳನ್ನು ಸಹ ತಡೆದಾಗ, ತಲೆಮಾರುಗಳಿಂದ ನಮ್ಮ ಆಸ್ಪತ್ರೆಗಳನ್ನೇ ನೆಚ್ಚಿದ್ದ ಮಂಜೇಶ್ವರ, ಕಾಸರಗೋಡುಗಳ ರೋಗಿಗಳಲ್ಲಿ ಕೆಲವರು ಚಿಕಿತ್ಸೆಯಿಲ್ಲದೆ ಪ್ರಾಣಬಿಟ್ಟರು. ವೈರಾಣು ಎಲ್ಲಿಂದ ಬರುತ್ತಿದೆ, ಯಾವ ಹಾದಿಯಲ್ಲಿ ಸಾಗುತ್ತಿದೆ ಎಂಬುದನ್ನು ಅರಿಯದ ಆಡಳಿತಕ್ಕೆ ಮಣ್ಣಿನ ಗುಡ್ಡೆಯೊಂದೇ ಉಪಾಯವಾಗಿ ತೋರುತ್ತದೆ. ಅದು ಅಂದು ನಡೆದ ಅನ್ಯಾಯ, ಮರುಕಳಿಸಕೂಡದು.

ಪಣಂಬೂರಿನ ಬಂದರು, ಬಜಪೆಯ ವಿಮಾನ ನಿಲ್ದಾಣ, ದೇಶದ ನಾನಾ ಭಾಗಗಳಿಂದ ಬಂದ ವಿದ್ಯಾರ್ಥಿಗಳು, ಗಲ್ಫ್ ದೇಶಗಳಲ್ಲಿ ದುಡಿಯುವ ಬಂಧುಗಳು, ಇವೆಲ್ಲವೂ ಇರುವ ನಗರದಲ್ಲಿ ವೈರಾಣುವಿನ ಲಿಪಿಯನ್ನೋದುವ ಕಾರ್ಯವು ಮಹಾಮಾರಿಯ ಕಾಲಕ್ಕೆ ಮಾತ್ರ ಮೀಸಲಾಗಿರುವುದು ಸಲ್ಲದು. 2019ರ ಮಳೆಗಾಲದಲ್ಲಿ ನಗರವನ್ನು ನಡುಗಿಸಿದ ಡೆಂಗಿಗೆ ನಾಲ್ಕು ಪ್ರಭೇದಗಳುಂಟು. ಒಮ್ಮೆ ಒಂದು ಪ್ರಭೇದ ತಗುಲಿದವರಿಗೆ ಮತ್ತೊಂದು ತಗುಲಿದಲ್ಲಿ ಅಪಾಯ ಹೆಚ್ಚುವ ಸಂಭವವಿರುವುದರಿಂದ, ಪ್ರತಿ ವರ್ಷ ಯಾವುದು ಬಂದಿದೆ, ಎಲ್ಲಿಂದ ಬಂದಿದೆ ಎಂಬುದನ್ನು ಮುಂಗಾರಿನ ಆರಂಭದಲ್ಲೇ ತಿಳಿಯುವುದು ವೈದ್ಯರಿಗೆ ಎಷ್ಟೊಂದು ಸಹಾಯಕ! 1980ರ ದಶಕದ ಆದಿಯಲ್ಲಿ ಬೆಳ್ತಂಗಡಿಯ ಕಾಡಂಚಿನ ಹಳ್ಳಿಗಳನ್ನು ಬಾಧಿಸಿದ ಮಂಗನ ಕಾಯಿಲೆಯ ವೈರಾಣುವನ್ನೂ ಮರೆಯುವಂತಿಲ್ಲ.

ಇಲ್ಲಿ ಓದುವುದು ವೈರಾಣುವಿನ ಲಿಪಿಯನ್ನೇ ಹೊರತು ರೋಗಿಯ ಕುಲಗೋತ್ರವನ್ನಲ್ಲ; ಆದ್ದರಿಂದ ಮಾದರಿ ಕೊಡಲು ಯಾರೂ ನಾಚಬೇಕಿಲ್ಲ, ಅಳುಕಬೇಕಿಲ್ಲ. ವೆನ್ಲಾಕ್ ಆಸ್ಪತ್ರೆಯೂ ನಗರದ ವೈದ್ಯಕೀಯ ಕಾಲೇಜುಗಳೂ ಕೂಡಿ, ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಈ ಮೂರು ಜಿಲ್ಲೆಗಳ ಮಾದರಿಗಳನ್ನು ವರ್ಷವಿಡೀ ಇಲ್ಲಿಯೇ ಓದಿ, ಫಲಿತಾಂಶವನ್ನು ಗಡಿಯ ಎರಡೂ ಬದಿಯ ವೈದ್ಯಾಧಿಕಾರಿಗಳಿಗೆ ತಡವಿಲ್ಲದೆ ತಲುಪಿಸುವ ಏರ್ಪಾಡನ್ನು ಎರಡು ರಾಜ್ಯಗಳ ಸರಕಾರಗಳೂ ಒಪ್ಪಂದ ಮಾಡಿಕೊಂಡು ಬರುವ ಮಳೆಗಾಲಕ್ಕೆ ಮುನ್ನವೇ ಆರಂಭಿಸಬೇಕು.